ದೂರಶಿಕ್ಷಣ, ಆನ್‌ಲೈನ್ ಡಿಗ್ರಿ: ಪ್ರಾಸ್ಪೆಕ್ಟಸ್‌ನ ಪದಗಳನ್ನು ಓದುವ ಬಗೆ

ಹಿರಿಯರು ಈಗಲೂ ‘ಅಂಚೆ ತೆರಪಿನ ಶಿಕ್ಷಣ’ ಎನ್ನುತ್ತಾರೆ. ಅವರ ನಂತರದವರಿಗೆ ಅದು ಕರೆಸ್ಪಾಂಡೆನ್ಸ್. ಈಗಿನವರ ಬಾಯಲ್ಲಿ ಡಿಸ್ಟೆನ್ಸ್, ಓಪನ್ ಯೂನಿವರ್ಸಿಟಿ, ಆನ್‌ಲೈನ್ ಡಿಗ್ರಿ. ಕೆಲಸಕ್ಕೆ ಹೋಗುತ್ತಾ, ಮನೆ ನೋಡಿಕೊಳ್ಳುತ್ತಾ ಓದುವುದು ಎಂಬ ಅರ್ಥದಲ್ಲಿ ಮಾತಿಗೆ ಇವೆಲ್ಲ ಒಂದೇ. ವಿಶ್ವವಿದ್ಯಾಲಯಗಳಿಗೆ ಅನುಮತಿ ಕೊಡುವ ಯುಜಿಸಿಗೆ ಮಾತ್ರ ಒಂದೇ ಅಲ್ಲ. ಅರ್ಜಿಯಲ್ಲಿ ಯಾವ ಪದದ ಎದುರು ಟಿಕ್ ಹಾಕಿದಿರಿ ಎಂಬುದರ ಮೇಲೆ ಪಾಠ ಹೇಗೆ, ಪರೀಕ್ಷೆ ಎಲ್ಲಿ, ಕೊನೆಗೆ ಕೈಗೆ ಬಂದ ಡಿಗ್ರಿ ಸರ್ಕಾರಿ ನೌಕರಿಗೆ ನಡೆಯುತ್ತದೆಯೇ ಎಂಬುದೆಲ್ಲ ನಿಂತಿದೆ. ಹಾಗಾಗಿ ಫೀಸು ಕಟ್ಟುವ ಮುಂಚೆಯೇ ಈ ಪದಗಳನ್ನು ತಿಳಿದುಕೊಂಡಿರಬೇಕು.

ಮೊದಲು ‘ಮೋಡ್’

ಈಗ ಜಾರಿಯಲ್ಲಿರುವುದು ಯುಜಿಸಿ 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿ, ಆಮೇಲಿನ ತಿದ್ದುಪಡಿಗಳ ಸಮೇತ. ರೆಗ್ಯುಲರ್ ಕಾಲೇಜನ್ನು ಬಿಟ್ಟರೆ ಅದು ಎರಡು ಮೋಡ್‌ಗಳನ್ನು ಗುರುತಿಸುತ್ತದೆ. ಒಂದು ಒಡಿಎಲ್, ಅಂದರೆ ಮುಕ್ತ ಮತ್ತು ದೂರ ಕಲಿಕೆ. ಇದರಲ್ಲಿ ಮುದ್ರಿತ ಪುಸ್ತಕ, ಧ್ವನಿ ಅಥವಾ ವಿಡಿಯೋ ಪಾಠ, ನಡುನಡುವೆ ಅಧ್ಯಯನ ಕೇಂದ್ರದಲ್ಲಿ ಮುಖಾಮುಖಿ ತರಗತಿ ಎಲ್ಲ ಸೇರಿರುತ್ತವೆ. ಇನ್ನೊಂದು ಆನ್‌ಲೈನ್. ಇದರಲ್ಲಿ ಪಾಠ, ಸಾಮಗ್ರಿ, ಚರ್ಚೆ ಎಲ್ಲವೂ ಇಂಟರ್ನೆಟ್ಟಿನಲ್ಲೇ ನಡೆಯುತ್ತದೆ. ಮೊಬೈಲಿನಲ್ಲಿ ಪಾಠ ನೋಡಲು ಸಿಗುತ್ತದೆ ಎಂದ ಮಾತ್ರಕ್ಕೆ ಒಡಿಎಲ್ ಪ್ರೋಗ್ರಾಂ ಆನ್‌ಲೈನ್ ಆಗುವುದಿಲ್ಲ.

‘ಮುಕ್ತ’ ಮತ್ತು ‘ದೂರ’ ಎಂಬ ಎರಡು ಪದಗಳನ್ನು ಸದಾ ಜೋಡಿಯಾಗಿ ಹೇಳಿ ಹೇಳಿ ಅವುಗಳ ನಡುವಿನ ವ್ಯತ್ಯಾಸವೇ ಮರೆತುಹೋಗಿದೆ. ದೂರ ಎನ್ನುವುದು ಕಲಿಸುವ ವಿಧಾನ. ಕಲಿಯುವವರೂ ಕಲಿಸುವವರೂ ಬೇರೆ ಬೇರೆ ಕಡೆ ಇರುತ್ತಾರೆ. ಮುಕ್ತ ಎನ್ನುವುದು ಪ್ರವೇಶದ ನೀತಿ: ವಯಸ್ಸಿನ ಮಿತಿ ಇಲ್ಲ, ಅಂಕದ ಕಟ್ಟುಪಾಡು ಸಡಿಲ, ಮುಗಿಸಲು ಹೆಚ್ಚು ಕಾಲಾವಕಾಶ. ಆದರೆ ಮುಕ್ತ ಎಂದರೆ ಅರ್ಹತೆಯೇ ಬೇಡ ಎಂದಲ್ಲ. ಬಿ.ಎ.ಗೆ ಪಿಯುಸಿ ಅಥವಾ ಅದಕ್ಕೆ ಸಮಾನವಾದದ್ದು ಬೇಕು, ಎಂ.ಎ.ಗೆ ಪದವಿ ಬೇಕು. ‘ಪಿಯುಸಿ ಫೇಲಾಗಿದ್ದರೂ ನೇರವಾಗಿ ಡಿಗ್ರಿ’ ಎಂದು ಯಾರಾದರೂ ಕರೆದರೆ ಅಲ್ಲಿಂದ ಎದ್ದು ಬನ್ನಿ.

ಮೋಡ್ ಬದಲಾದರೆ ಭೂಗೋಳವೂ ಬದಲಾಗುತ್ತದೆ. ಒಡಿಎಲ್‌ನಲ್ಲಿ ‘ಪ್ರಾದೇಶಿಕ ವ್ಯಾಪ್ತಿ’ ಎಂಬ ಗೆರೆ ಇದೆ. ರಾಜ್ಯದ ಮುಕ್ತ ವಿಶ್ವವಿದ್ಯಾಲಯವೊಂದು ತನ್ನ ರಾಜ್ಯದೊಳಗೆ ಮಾತ್ರ ದೂರಶಿಕ್ಷಣ ಕೊಡಬಹುದು. ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಕೇಂದ್ರದ ಕಾಯ್ದೆಯಡಿ 1985ರಲ್ಲಿ ಹುಟ್ಟಿದ್ದರಿಂದ ಅದಕ್ಕೆ ಇಡೀ ದೇಶವೇ ವ್ಯಾಪ್ತಿ. ಕರ್ನಾಟಕದಲ್ಲಿ ಅದರ ಪ್ರಾದೇಶಿಕ ಕೇಂದ್ರಗಳು ಬೆಂಗಳೂರು ಮತ್ತು ವಿಜಯಪುರದಲ್ಲಿವೆ. ಆನ್‌ಲೈನ್ ಮೋಡ್‌ಗೆ ಈ ಗೆರೆಯೇ ಇಲ್ಲ; ಅನುಮತಿ ಪಡೆದ ಯಾವ ರಾಜ್ಯದ ವಿಶ್ವವಿದ್ಯಾಲಯಕ್ಕಾದರೂ ಎಲ್ಲಿಂದಲಾದರೂ ಸೇರಬಹುದು.

ಈ ಗೆರೆ ದಾಟಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಚೆನ್ನಾಗಿ ಬಲ್ಲದು. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣ ಸಂಸ್ಥೆ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ರಾಜ್ಯದ ಹೊರಗೆ ಖಾಸಗಿ ಕೇಂದ್ರಗಳ ಮೂಲಕ ಪ್ರೋಗ್ರಾಂ ನಡೆಸಿದ್ದು, ಅನುಮತಿಯಿಲ್ಲದ ತಾಂತ್ರಿಕ ಪ್ರೋಗ್ರಾಂ ನಡೆಸಿದ್ದು ಎಂಬ ಕಾರಣಗಳಿಗಾಗಿ 2013-14ರಿಂದ ಅದಕ್ಕೆ ಯುಜಿಸಿ ಮಾನ್ಯತೆ ಮುಂದುವರಿಯಲಿಲ್ಲ. 2018-19ರಿಂದ ಮತ್ತೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸೇರಿದವರು ಪಾಠ ಓದಿದ್ದರು, ಪರೀಕ್ಷೆ ಬರೆದಿದ್ದರು. ಅವರದೇನೂ ತಪ್ಪಿರಲಿಲ್ಲ. ಆದರೂ ನೌಕರಿಗೆ, ಮುಂದಿನ ಓದಿಗೆ ಹೋದಾಗ ಅಂಕಪಟ್ಟಿ ಹಿಡಿದು ಅಲೆಯಬೇಕಾಯಿತು. ‘ಮಾನ್ಯತೆ’ ಎಂಬ ಪದದ ಪಕ್ಕದಲ್ಲಿ ವರ್ಷವನ್ನೂ ನೋಡಬೇಕು ಎನ್ನುವುದು ಇದಕ್ಕಾಗಿಯೇ.

ಮಾನ್ಯತೆ ಯಾರಿಗೆ, ಯಾವುದಕ್ಕೆ, ಯಾವಾಗ

‘ಯುಜಿಸಿ ಮಾನ್ಯತೆ ಪಡೆದ ವಿಶ್ವವಿದ್ಯಾಲಯ’ ಎಂಬ ಸಾಲು ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುತ್ತದೆ. ಅದು ಸುಳ್ಳಲ್ಲ, ಆದರೆ ಸಾಲದು. ವಿಶ್ವವಿದ್ಯಾಲಯವಾಗಿ ಅಸ್ತಿತ್ವದಲ್ಲಿರುವುದಕ್ಕೆ ಮಾನ್ಯತೆ ಬೇರೆ, ದೂರಶಿಕ್ಷಣ ನಡೆಸುವುದಕ್ಕೆ ಮಾನ್ಯತೆ ಬೇರೆ. ಎರಡನೆಯದನ್ನು ನೋಡಿಕೊಳ್ಳುವುದು ಯುಜಿಸಿಯ ದೂರಶಿಕ್ಷಣ ಬ್ಯೂರೋ. ಎಲ್ಲರೂ ಡಿಇಬಿ ಎನ್ನುತ್ತಾರೆ. ಅನುಮತಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ಅದು ಪ್ರತಿ ಪ್ರವೇಶ ಅವಧಿಗೂ ತನ್ನ ಜಾಲತಾಣದಲ್ಲಿ ಹಾಕುತ್ತದೆ. ವರ್ಷಕ್ಕೆ ಇಂಥ ಅವಧಿಗಳು ಎರಡು: ಜುಲೈ-ಆಗಸ್ಟ್ ಮತ್ತು ಜನವರಿ-ಫೆಬ್ರವರಿ.

ಆ ಪಟ್ಟಿಯಲ್ಲಿ ನಾಲ್ಕು ಸಂಗತಿ ಒಂದೇ ಸಾಲಿನಲ್ಲಿ ಕೂಡಿಬರಬೇಕು. ವಿಶ್ವವಿದ್ಯಾಲಯದ ಹೆಸರು, ಮೋಡ್, ಪ್ರೋಗ್ರಾಂನ ಪೂರ್ತಿ ಹೆಸರು, ನೀವು ಸೇರುವ ಅವಧಿ. ಒಂದೇ ವಿಶ್ವವಿದ್ಯಾಲಯಕ್ಕೆ ಎಂ.ಕಾಂ. ಒಡಿಎಲ್‌ನಲ್ಲಿ ಅನುಮತಿ ಇದ್ದು ಆನ್‌ಲೈನ್‌ನಲ್ಲಿ ಇಲ್ಲದಿರಬಹುದು. ಎಂ.ಎ. ಇತಿಹಾಸಕ್ಕೆ ಇದ್ದು ಎಂ.ಎ. ಪತ್ರಿಕೋದ್ಯಮಕ್ಕೆ ಇಲ್ಲದಿರಬಹುದು. ಕಳೆದ ವರ್ಷ ಇದ್ದದ್ದು ಈ ವರ್ಷ ಕೈಬಿಟ್ಟಿರಬಹುದು. ಸೇರಿದ ದಿನವೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು, ಶುಲ್ಕದ ರಸೀದಿಯೊಂದಿಗೆ ಇಟ್ಟುಕೊಳ್ಳಿ. ಐದಾರು ವರ್ಷ ಕಳೆದು ನೇಮಕಾತಿಯಲ್ಲಿ ದಾಖಲೆ ಪರಿಶೀಲಿಸುವವರು ಕೇಳುವುದು ನೀವು ಸೇರಿದ ವರ್ಷದ ಮಾನ್ಯತೆಯನ್ನು.

‘ಎಂಟೈಟಲ್ಡ್’ ಎಂಬ ಪದ ಕಂಡರೆ ಗಾಬರಿ ಬೇಡ. ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯಿಂದ ಒಳ್ಳೆಯ ಅಂಕವೋ ರ‍್ಯಾಂಕೋ ಇರುವ ಕೆಲವು ಸಂಸ್ಥೆಗಳು ಪ್ರತಿ ಪ್ರೋಗ್ರಾಂಗೂ ಮುಂಚಿತ ಅನುಮತಿ ಕೇಳಬೇಕಿಲ್ಲ. ಅಂಥವಕ್ಕೆ ಆ ಹೆಸರು. ಅವುಗಳ ಹೆಸರೂ ಡಿಇಬಿ ತಾಣದಲ್ಲಿ ಇರಲೇಬೇಕು.

ಕೆಲವು ವಿಷಯಗಳನ್ನು ಈ ಎರಡು ಮೋಡ್‌ಗಳಲ್ಲಿ ಕಲಿಸುವಂತೆಯೇ ಇಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಕಾನೂನು, ವಾಸ್ತುಶಿಲ್ಪ, ಕೃಷಿ, ಹೋಟೆಲ್ ಮ್ಯಾನೇಜ್‌ಮೆಂಟ್ ಈ ಪಟ್ಟಿಯಲ್ಲಿವೆ. ಪಿಎಚ್.ಡಿ.ಯೂ ಇಲ್ಲ. 2025ರ ಜುಲೈ-ಆಗಸ್ಟ್ ಅವಧಿಯಿಂದ ಮನೋವಿಜ್ಞಾನ ಮತ್ತು ಆರೋಗ್ಯ ಸಂಬಂಧಿ ಕೆಲವು ವಿಷಯಗಳೂ ಸೇರಿಕೊಂಡವು. ವಾರಾಂತ್ಯದ ತರಗತಿಯಲ್ಲಿ ಬಿ.ಇ., ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ‘ಆನ್‌ಲೈನ್ ಪಿಎಚ್.ಡಿ.’ ಎಂಬ ಕರೆಗಳು ಇನ್ನೂ ಬರುತ್ತಲೇ ಇವೆ. ಎರಡನೆಯದರ ಬಗ್ಗೆ ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣದ ಉಸ್ತುವಾರಿ ನೋಡುವ ಎಐಸಿಟಿಇ 2022ರ ಅಕ್ಟೋಬರ್‌ನಲ್ಲೇ ಎಚ್ಚರಿಕೆ ಕೊಟ್ಟಿವೆ. ದೂರಶಿಕ್ಷಣದ ಬಿ.ಇಡ್. ಇದೆ, ಆದರೆ ಅದು ಎಲ್ಲರಿಗೂ ಅಲ್ಲ. ಶಿಕ್ಷಕ ತರಬೇತಿಯನ್ನು ಮುಖಾಮುಖಿಯಾಗಿ ಮುಗಿಸಿದವರಿಗೆ ಅಥವಾ ತರಬೇತಿ ಪಡೆದು ಪ್ರಾಥಮಿಕ ಹಂತದಲ್ಲಿ ಕೆಲಸ ಮಾಡುತ್ತಿರುವ ಶಿಕ್ಷಕರಿಗೆ ಮಾತ್ರ. ಅದಕ್ಕೆ ಶಿಕ್ಷಕ ತರಬೇತಿಯ ಉಸ್ತುವಾರಿ ನೋಡುವ ಎನ್‌ಸಿಟಿಇ ಒಪ್ಪಿಗೆಯೂ ಬೇಕು.

ಇಷ್ಟೆಲ್ಲ ಸರಿಯಿದ್ದರೆ ಡಿಗ್ರಿಗೆ ‘ಸಮಾನತೆ’ ಇದೆ. ಅನುಮತಿ ಇರುವ ಸಂಸ್ಥೆಯ ಒಡಿಎಲ್ ಅಥವಾ ಆನ್‌ಲೈನ್ ಪದವಿ, ಸ್ನಾತಕೋತ್ತರ ಪದವಿಗಳು ರೆಗ್ಯುಲರ್ ಪದವಿಗೆ ಸಮ ಎಂದು 2020ರ ನಿಯಮಾವಳಿ ಹೇಳುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಅದನ್ನೇ ಮತ್ತೊಮ್ಮೆ ಪ್ರಕಟಣೆಯಲ್ಲಿ ಸಾರಿತು. ‘ಡಿಸ್ಟೆನ್ಸ್ ಡಿಗ್ರಿ ನಡೆಯಲ್ಲ’ ಎಂದು ಯಾರಾದರೂ ತಳ್ಳಿಹಾಕಿದರೆ ಈ ಪ್ರಕಟಣೆಯ ಪ್ರತಿಯನ್ನು ಮುಂದಿಡಬಹುದು. ಅದು ನಿಮ್ಮ ಹಕ್ಕು.

ಮೂರು ಗುರುತಿನ ಸಂಖ್ಯೆಗಳು

ಈಗ ಪ್ರವೇಶದ ಹೊತ್ತಿಗೆ ಅಪಾರ್, ಎಬಿಸಿ, ಡಿಇಬಿ-ಐಡಿ ಎಂಬ ಮೂರು ಹೆಸರುಗಳು ಎದುರಾಗುತ್ತವೆ. ಎಬಿಸಿ ಎಂದರೆ ನೀವು ಗಳಿಸಿದ ಕ್ರೆಡಿಟ್‌ಗಳ (ಪ್ರತಿ ಪತ್ರಿಕೆಗೂ ಇರುವ ತೂಕ; ಮುಂದೆ ವಿವರವಿದೆ) ಲೆಕ್ಕ ಇಡುವ ಖಾತೆ. ಅದರ ನಿಯಮ ಬಂದದ್ದು 2021ರಲ್ಲಿ. ಅದರಲ್ಲಿರುವ ಕ್ರೆಡಿಟ್‌ಗೆ ಸಾಮಾನ್ಯವಾಗಿ ಏಳು ವರ್ಷದ ಆಯಸ್ಸು. ಅಪಾರ್ ಎಂಬುದು ವಿದ್ಯಾರ್ಥಿಯ 12 ಅಂಕಿಗಳ ಗುರುತಿನ ಸಂಖ್ಯೆ. ಡಿಜಿಲಾಕರ್ ಮೂಲಕ ಇದನ್ನು ಪಡೆದ ಮೇಲೆ ಡಿಇಬಿ ತಾಣದಲ್ಲಿ ಡಿಇಬಿ-ಐಡಿ ಮಾಡಿಕೊಳ್ಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಅವಧಿಯಿಂದ ಭಾರತೀಯ ವಿದ್ಯಾರ್ಥಿಗಳು ಇದಿಲ್ಲದೆ ಒಡಿಎಲ್‌ಗಾಗಲಿ ಆನ್‌ಲೈನ್‌ಗಾಗಲಿ ಸೇರುವಂತಿಲ್ಲ.

ನಮ್ಮ ಕಡೆಯವರಿಗೆ ಇಲ್ಲಿ ತೊಡಕಾಗುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.’ ಎಂದಿರುತ್ತದೆ, ಆಧಾರ್‌ನಲ್ಲಿ ‘ಮಂಜುನಾಥ ಹನುಮಂತಪ್ಪ’. ಮದುವೆಯಾದ ಹೆಣ್ಣುಮಕ್ಕಳ ಆಧಾರ್‌ನಲ್ಲಿ ಗಂಡನ ಹೆಸರು ಸೇರಿ ಇಡೀ ಹೆಸರೇ ಬದಲಾಗಿರುತ್ತದೆ. ಡಿಜಿಲಾಕರ್ ಆಧಾರ್‌ನ ಹೆಸರನ್ನೇ ಎತ್ತಿಕೊಳ್ಳುವುದರಿಂದ ವಿಶ್ವವಿದ್ಯಾಲಯದ ದಾಖಲೆಗೂ ಅದಕ್ಕೂ ತಾಳೆಯಾಗುವುದಿಲ್ಲ. ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿಯ ಹೆಸರು ತಿದ್ದಿಸುವುದು ದೊಡ್ಡ ಕೆಲಸ, ಆಧಾರ್ ತಿದ್ದಿಸುವುದು ಅಷ್ಟಿಲ್ಲ. ಆದ್ದರಿಂದ ಅಂಕಪಟ್ಟಿಗೆ ಹೊಂದುವಂತೆ ಆಧಾರ್ ಸರಿಮಾಡಿಸಿ, ಆಮೇಲೆ ಐಡಿಗಳನ್ನು ಮಾಡಿಕೊಳ್ಳುವುದು ಲೇಸು. ಪ್ರವೇಶದ ಕೊನೇ ವಾರದಲ್ಲಿ ಇದಕ್ಕೆ ಕೈಹಾಕಿದರೆ ಆ ಅವಧಿ ತಪ್ಪಿಹೋಗಬಹುದು.

ಕ್ರೆಡಿಟ್ ಎಂದರೆ ಸಮಯ

ಮನೆಮಾತಿನಲ್ಲಿ ‘ಯಾವ ಕೋರ್ಸ್ ಓದ್ತಿದ್ದೀಯ’ ಎಂದರೆ ಬಿ.ಎ., ಬಿ.ಕಾಂ. ಎಂದು ಉತ್ತರ. ವಿಶ್ವವಿದ್ಯಾಲಯದ ಕಾಗದದಲ್ಲಿ ಬಿ.ಎ. ಎನ್ನುವುದು ‘ಪ್ರೋಗ್ರಾಂ’, ‘ಕೋರ್ಸ್’ ಎಂದರೆ ಅದರೊಳಗಿನ ಒಂದು ಪತ್ರಿಕೆ. ಈ ಒಂದು ಗೊಂದಲದಿಂದ ಪರೀಕ್ಷಾ ಶುಲ್ಕ ಕಟ್ಟುವಾಗ ಲೆಕ್ಕ ತಪ್ಪುವವರು ಬಹಳ. ‘ಪ್ರತಿ ಕೋರ್ಸ್‌ಗೆ ಇಷ್ಟು’ ಎಂದಿದ್ದರೆ ಐದು ಪತ್ರಿಕೆಗೆ ಅದರ ಐದರಷ್ಟು ಆಗುತ್ತದೆ.

ಕ್ರೆಡಿಟ್ ಎನ್ನುವುದು ಪ್ರತಿ ಕೋರ್ಸ್‌ನ ತೂಕ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ ಸುಮಾರು 30 ಗಂಟೆಗಳ ಓದು. ಪಾಠ ಓದುವುದು, ವಿಡಿಯೋ ನೋಡುವುದು, ಅಸೈನ್‌ಮೆಂಟ್ ಬರೆಯುವುದು, ಪರೀಕ್ಷೆಗೆ ತಯಾರಾಗುವುದು ಎಲ್ಲ ಅದರೊಳಗೇ ಬಂತು. ರೆಗ್ಯುಲರ್ ಕಾಲೇಜಿನಲ್ಲಿ ಥಿಯರಿಯ ಒಂದು ಕ್ರೆಡಿಟ್‌ಗೆ ಸುಮಾರು 15 ಗಂಟೆಗಳ ತರಗತಿ ಇರುತ್ತದೆ, ಉಳಿದದ್ದು ಮನೆಯ ಓದು. ದೂರಶಿಕ್ಷಣದಲ್ಲಿ ಮೇಷ್ಟ್ರು ಎದುರಿಗಿಲ್ಲದ ಕಾರಣ ಇಡೀ ಹೊರೆ ನಿಮ್ಮ ಮೇಲೇ ಬೀಳುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಸೆಮಿಸ್ಟರ್‌ಗೆ 20 ಕ್ರೆಡಿಟ್ ಎಂದಿಟ್ಟುಕೊಂಡರೆ 600 ಗಂಟೆ. ಆರು ತಿಂಗಳಲ್ಲಿ 26 ವಾರ. ವಾರಕ್ಕೆ 23 ಗಂಟೆ ಬಂತು, ದಿನಕ್ಕೆ ಮೂರು ಗಂಟೆಗೂ ತುಸು ಹೆಚ್ಚು. ‘ಭಾನುವಾರ ಭಾನುವಾರ ಓದಿದರೆ ಸಾಕು’ ಎಂದು ಸೇರಿಸಿಕೊಳ್ಳುವವರು ಈ ಲೆಕ್ಕವನ್ನು ಹೇಳುವುದಿಲ್ಲ. ನಡುವೆ ಕೈಬಿಡುವವರಲ್ಲಿ ಎಷ್ಟೋ ಮಂದಿಗೆ ಸೋಲಾಗುವುದು ಬುದ್ಧಿಯ ಕೊರತೆಯಿಂದಲ್ಲ, ಈ ಗಂಟೆಗಳನ್ನು ಮೊದಲೇ ಎಣಿಸದೆ ಇದ್ದುದರಿಂದ. ದಿನಕ್ಕೆ ಒಂದೂವರೆ ಗಂಟೆ ಮಾತ್ರ ಸಿಗುವುದಾದರೆ ನಿಯಮದಲ್ಲಿ ಅದಕ್ಕೂ ದಾರಿಯಿದೆ. ‘ಕನಿಷ್ಠ ಅವಧಿ’, ‘ಗರಿಷ್ಠ ಅವಧಿ’ ಎಂಬ ಎರಡು ಅಂಕಿಗಳನ್ನು ಪ್ರಾಸ್ಪೆಕ್ಟಸ್‌ನಲ್ಲಿ ಹುಡುಕಿ. ಮೂರು ವರ್ಷದ ಇಗ್ನೋ ಬಿ.ಎ.ಯನ್ನು ಆರು ವರ್ಷದಲ್ಲಿ, ಎರಡು ವರ್ಷದ ಎಂ.ಎ.ಯನ್ನು ನಾಲ್ಕು ವರ್ಷದಲ್ಲಿ ಮುಗಿಸಬಹುದು. ನಿಧಾನವಾಗಿ ಓದುವುದಕ್ಕೆ ನಾಚಿಕೆಪಡಬೇಕಾದ್ದೇನೂ ಇಲ್ಲ, ಆ ಅವಕಾಶ ಇರುವುದೇ ನಿಮ್ಮಂಥವರಿಗಾಗಿ.

ಇದರ ಜೊತೆ ಬರುವ ಎರಡು ಪದಗಳು ‘ರೀ-ರಿಜಿಸ್ಟ್ರೇಷನ್’ ಮತ್ತು ‘ರೀ-ಅಡ್ಮಿಷನ್’. ಮೊದಲನೆಯದು ಮುಂದಿನ ವರ್ಷಕ್ಕೋ ಸೆಮಿಸ್ಟರ್‌ಗೋ ಹೆಸರು ಮುಂದುವರಿಸುವುದು. ಇಗ್ನೋದಲ್ಲಿ ಹಿಂದಿನ ವರ್ಷದ ಪರೀಕ್ಷೆ ಬರೆಯದಿದ್ದರೂ, ಪಾಸಾಗದಿದ್ದರೂ ಇದನ್ನು ಮಾಡಬಹುದು, ಮಾಡಲೇಬೇಕು; ಫಲಿತಾಂಶ ಬರಲಿ ಎಂದು ಕಾದು ಕೂತವರಿಗೆ ಒಂದು ವರ್ಷ ಸುಮ್ಮನೆ ಹೋಗುತ್ತದೆ. ಎರಡನೆಯದು ಗರಿಷ್ಠ ಅವಧಿಯೂ ಮೀರಿದವರಿಗೆ. ಉಳಿದ ಪತ್ರಿಕೆಗಳಿಗೆ ಮಾತ್ರ ಶುಲ್ಕ ಕಟ್ಟಿ ಹೆಚ್ಚುವರಿ ಕಾಲ ಪಡೆಯುವುದು.

ಪುಸ್ತಕ, ಸಂಪರ್ಕ ತರಗತಿ, ಎಲ್‌ಎಂಎಸ್

ಎಸ್‌ಎಲ್‌ಎಂ ಎಂದರೆ ಸ್ವಯಂ ಕಲಿಕಾ ಸಾಮಗ್ರಿ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಬಳಕೆಯಲ್ಲಿ ಸಿದ್ಧಪಾಠ. ಇದು ಗೈಡೂ ಅಲ್ಲ, ಸಾಮಾನ್ಯ ಪಠ್ಯಪುಸ್ತಕವೂ ಅಲ್ಲ. ಬ್ಲಾಕ್‌ಗಳು, ಅವುಗಳೊಳಗೆ ಘಟಕಗಳು, ಪ್ರತಿ ಘಟಕದ ಮೊದಲಿಗೆ ಉದ್ದೇಶಗಳು, ನಡುವೆ ‘ನಿಮ್ಮ ಪ್ರಗತಿ ಪರೀಕ್ಷಿಸಿಕೊಳ್ಳಿ’ ಎಂಬ ಪ್ರಶ್ನೆಗಳು ಇರುತ್ತವೆ. ಆ ಪ್ರಶ್ನೆಗಳನ್ನು ಹಾರಿಸಿ ಓದುವವರೇ ಹೆಚ್ಚು. ಉತ್ತರ ಬರೆದು, ಕೊನೆಯಲ್ಲಿ ಕೊಟ್ಟ ಉತ್ತರದೊಂದಿಗೆ ಹೋಲಿಸಿ ನೋಡುವುದೇ ಇಲ್ಲಿ ಮೇಷ್ಟ್ರ ಜಾಗದಲ್ಲಿರುವುದು. ಇಗ್ನೋದ ಸಾಮಗ್ರಿ ಇ-ಜ್ಞಾನಕೋಶ ತಾಣದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಸೇರುವ ಮುನ್ನ ಒಂದು ಘಟಕ ಓದಿ ನೋಡಿದರೆ ವಿಷಯ, ಭಾಷೆ ಎರಡೂ ನಿಮಗೆ ಒಗ್ಗುತ್ತವೆಯೇ ಎಂಬುದು ಗೊತ್ತಾಗುತ್ತದೆ.

ಸಂಪರ್ಕ ತರಗತಿ ಅಥವಾ ಕೌನ್ಸೆಲಿಂಗ್ ಎಂದರೆ ಪೂರ್ತಿ ಪಾಠವಲ್ಲ, ಸಂಶಯ ಪರಿಹಾರ. ಓದದೆ ಹೋದರೆ ಪ್ರಯೋಜನ ಕಡಿಮೆ. ಎಲ್‌ಎಂಎಸ್ ಎಂದರೆ ಪಾಠ, ಅಸೈನ್‌ಮೆಂಟ್, ಅಂಕ ಎಲ್ಲ ಒಂದೆಡೆ ಇರುವ ಜಾಲತಾಣ. ಮೂಡಲ್ ಅದರಲ್ಲಿ ಹೆಸರುವಾಸಿ. ‘ಸಿಂಕ್ರೊನಸ್’ ಎಂದರೆ ಹೇಳಿದ ಹೊತ್ತಿಗೆ ನೀವೂ ಹಾಜರಿರಬೇಕಾದ ಲೈವ್ ತರಗತಿ, ‘ಅಸಿಂಕ್ರೊನಸ್’ ಎಂದರೆ ಬಿಡುವಾದಾಗ ನೋಡುವ ರೆಕಾರ್ಡಿಂಗ್. ಪಾಳಿ ಕೆಲಸದವರು, ಗಲ್ಫ್‌ನಲ್ಲೋ ಅಮೆರಿಕದಲ್ಲೋ ಇರುವವರು ಇದನ್ನು ಕೇಳದೆ ಸೇರಬಾರದು.

ಮೂವತ್ತು ಮತ್ತು ಎಪ್ಪತ್ತು

ಅಂಕಗಳಿಗೆ ಎರಡು ಭಾಗ. ವರ್ಷದುದ್ದಕ್ಕೂ ನಡೆಯುವ ನಿರಂತರ ಮೌಲ್ಯಮಾಪನಕ್ಕೆ ಹೆಚ್ಚೆಂದರೆ ಶೇ 30, ಕೊನೆಯ ಪರೀಕ್ಷೆಗೆ ಕಡಿಮೆಯೆಂದರೆ ಶೇ 70. ಇಗ್ನೋದಲ್ಲಿ ಮೊದಲನೆಯದು ಟಿಎಂಎ, ಅಂದರೆ ಬೋಧಕರು ತಿದ್ದುವ ಅಸೈನ್‌ಮೆಂಟ್. ಎರಡನೆಯದು ಟಿಇಇ, ಜೂನ್ ಮತ್ತು ಡಿಸೆಂಬರ್‌ನ ಪರೀಕ್ಷೆ.

ಇಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಇಗ್ನೋದ ಎಂ.ಎ. ವಿದ್ಯಾರ್ಥಿಯೊಬ್ಬರಿಗೆ ಅಸೈನ್‌ಮೆಂಟ್‌ನಲ್ಲಿ ನೂರಕ್ಕೆ 80, ಪರೀಕ್ಷೆಯಲ್ಲಿ ನೂರಕ್ಕೆ 36 ಬಂತು ಎನ್ನಿ. ಎಂಬತ್ತರ ಶೇ 30 ಎಂದರೆ 24. ಮೂವತ್ತಾರರ ಶೇ 70 ಎಂದರೆ 25.2. ಒಟ್ಟು 49.2. ಪಾಸಿಗೆ ಬೇಕಾದದ್ದು 40, ಹಾಗಾದರೆ ಪಾಸಾದೆ ಎಂದುಕೊಳ್ಳುತ್ತಾರೆ. ಗ್ರೇಡ್ ಕಾರ್ಡ್‌ನಲ್ಲಿ ‘ನಾಟ್ ಕಂಪ್ಲೀಟೆಡ್’ ಎಂದೇ ಇರುತ್ತದೆ. ಏಕೆಂದರೆ 40 ಬೇಕಿರುವುದು ಒಟ್ಟಿನಲ್ಲಿ ಅಲ್ಲ, ಎರಡರಲ್ಲೂ ಪ್ರತ್ಯೇಕವಾಗಿ. ಪದವಿ ಹಂತಕ್ಕೆ ಈ ಗೆರೆ 35. ಒಳ್ಳೆಯ ಸುದ್ದಿಯೆಂದರೆ ಪಾಸಾದ ಭಾಗ ಉಳಿಯುತ್ತದೆ. ಈ ವಿದ್ಯಾರ್ಥಿ ಮತ್ತೆ ಪರೀಕ್ಷೆ ಬರೆದರೆ ಸಾಕು, ಅಸೈನ್‌ಮೆಂಟ್ ಬೇಕಿಲ್ಲ. ಅಸೈನ್‌ಮೆಂಟ್‌ನಲ್ಲೇ ಫೇಲಾಗಿದ್ದರೆ ಹಳೆಯ ಪ್ರಶ್ನೆಗಳಿಗೆ ಉತ್ತರ ಬರೆದು ಕೊಡಬೇಡಿ, ಆ ಅವಧಿಯ ಹೊಸ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳಿ. ಕೊಟ್ಟ ಅಸೈನ್‌ಮೆಂಟ್‌ನ ಪ್ರತಿ, ಸ್ವೀಕೃತಿ ಎರಡೂ ನಿಮ್ಮ ಬಳಿ ಇರಲಿ. ಅಂಕ ದಾಖಲಿಸುವುದನ್ನು ಕೇಂದ್ರದವರು ಮರೆತಾಗ ಅದೊಂದೇ ಆಧಾರ.

ಆನ್‌ಲೈನ್ ಪ್ರೋಗ್ರಾಂಗಳಲ್ಲಿ ‘ಪ್ರಾಕ್ಟರ್ಡ್’ ಎಂಬ ಪದ ಬರುತ್ತದೆ; ಮೇಲ್ವಿಚಾರಣೆಯಲ್ಲಿ ಬರೆಯುವ ಪರೀಕ್ಷೆ ಎಂದರ್ಥ. ಅದು ಮನೆಯಲ್ಲಿ ಕ್ಯಾಮೆರಾ ಮುಂದೆ ನಡೆಯುತ್ತದೆಯೋ, ಕೇಂದ್ರಕ್ಕೆ ಹೋಗಿ ಬರೆಯಬೇಕೋ ಎಂದು ಮೊದಲೇ ಕೇಳಿ. ಮನೆಯಲ್ಲಾದರೆ ಕರೆಂಟ್, ನೆಟ್ ಹೋದಾಗ ಏನು ಮಾಡುತ್ತಾರೆ, ಮತ್ತೆ ಅವಕಾಶ ಇದೆಯೇ ಎಂಬ ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

ಸರ್ಟಿಫಿಕೇಟ್ ಬೇರೆ, ಕ್ರೆಡಿಟ್ ಬೇರೆ

ಮೂಕ್ ಎಂದರೆ ಎಷ್ಟು ಸಾವಿರ ಜನ ಬೇಕಾದರೂ ಸೇರಬಹುದಾದ ಮುಕ್ತ ಆನ್‌ಲೈನ್ ಕೋರ್ಸ್. ಈ ಹೆಸರು 2008ರಲ್ಲಿ ಕೆನಡಾದಲ್ಲಿ ಹುಟ್ಟಿತು. ನಮ್ಮಲ್ಲಿ ಇದರ ಸರ್ಕಾರಿ ವೇದಿಕೆ 2017ರ ಜುಲೈನಲ್ಲಿ ಶುರುವಾದ ಸ್ವಯಂ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಕೂಡಿ ನಡೆಸುವ ಎನ್‌ಪಿಟೆಲ್ ಅದರ ಒಂದು ಭಾಗ. ಕಲಿಯುವುದು ಉಚಿತ, ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಎನ್‌ಪಿಟೆಲ್ ಸರ್ಟಿಫಿಕೇಟ್‌ಗೆ ವಾರದ ಅಸೈನ್‌ಮೆಂಟ್‌ಗಳಿಂದ 25ಕ್ಕೆ 10, ಕೇಂದ್ರದಲ್ಲಿ ಬರೆಯುವ ಪರೀಕ್ಷೆಯಿಂದ 75ಕ್ಕೆ 30 ಬರಬೇಕು. ಅಸೈನ್‌ಮೆಂಟ್‌ಗಳನ್ನು ಹಗುರವಾಗಿ ಕಂಡವರು ಪರೀಕ್ಷೆಯಲ್ಲಿ ಎಷ್ಟೇ ಅಂಕ ತೆಗೆದರೂ ಸರ್ಟಿಫಿಕೇಟ್ ಸಿಗುವುದಿಲ್ಲ.

ಸರ್ಟಿಫಿಕೇಟ್ ಬಂದೊಡನೆ ಅದು ನಿಮ್ಮ ಡಿಗ್ರಿಗೆ ಸೇರಿತು ಎಂದಲ್ಲ. ಸೇರುವುದಕ್ಕೆ ‘ಕ್ರೆಡಿಟ್ ವರ್ಗಾವಣೆ’ ಆಗಬೇಕು. 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಓದಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಯಾವ ಕೋರ್ಸ್‌ಗೆ ಒಪ್ಪಿಗೆ ಎಂಬುದನ್ನು ತೀರ್ಮಾನಿಸುವುದು ನಿಮ್ಮ ವಿಶ್ವವಿದ್ಯಾಲಯವೇ. ಮೊದಲು ಒಪ್ಪಿಗೆ ಪಡೆದು ಆಮೇಲೆ ಸೇರಿ. ಮುಗಿಸಿಕೊಂಡು ಬಂದು ಕೇಳಿದರೆ ಇಲ್ಲ ಎನ್ನುವ ಸಾಧ್ಯತೆ ಇದೆ.

ಮಧ್ಯವರ್ತಿಗಳ ಪದಗಳು

ಎಡ್‌ಟೆಕ್ ಕಂಪನಿಗಳು ‘ಲರ್ನಿಂಗ್ ಪಾರ್ಟ್‌ನರ್’, ‘ಅಡ್ಮಿಷನ್ ಕೌನ್ಸೆಲರ್’ ಎಂಬ ಹೆಸರಿನಲ್ಲಿ ಫೋನ್ ಮಾಡುತ್ತವೆ. ತಂತ್ರಾಂಶ, ಪ್ರಚಾರದಂಥ ಕೆಲಸಕ್ಕೆ ವಿಶ್ವವಿದ್ಯಾಲಯ ಹೊರಗಿನವರ ನೆರವು ಪಡೆಯಬಹುದು. ಪ್ರೋಗ್ರಾಂ ನಡೆಸುವುದನ್ನೇ ಬೇರೆಯವರಿಗೆ ಒಪ್ಪಿಸುವುದು ಫ್ರಾಂಚೈಸಿ. ಅದನ್ನು ಯುಜಿಸಿ ನಿಷೇಧಿಸಿದೆ. ಗುರುತಿಸುವುದು ಸುಲಭ: ಶುಲ್ಕದ ರಸೀದಿ ಯಾರ ಹೆಸರಿನಲ್ಲಿದೆ? ವಿಶ್ವವಿದ್ಯಾಲಯದ್ದಲ್ಲದ ಖಾತೆಗೆ, ಯಾರದೋ ಯುಪಿಐಗೆ ಹಣ ಹಾಕಬೇಡಿ.

‘ನೋ-ಕಾಸ್ಟ್ ಇಎಂಐ’ ಎಂದಾಗ ಇನ್ನೂ ಎಚ್ಚರ ಬೇಕು. ಎಷ್ಟೋ ಸಲ ಅದು ವಿಶ್ವವಿದ್ಯಾಲಯ ಕೊಡುವ ಕಂತಲ್ಲ, ಹಣಕಾಸು ಕಂಪನಿಯೊಂದರಿಂದ ನಿಮ್ಮ ಹೆಸರಿನಲ್ಲಿ ತೆಗೆದ ಸಾಲ. ಓದು ಬಿಟ್ಟರೂ ಕಂತು ನಿಲ್ಲುವುದಿಲ್ಲ, ಕಟ್ಟದಿದ್ದರೆ ಸಾಲ ಕೊಡುವವರು ನೋಡುವ ಸಿಬಿಲ್ ಅಂಕ ಕುಸಿಯುತ್ತದೆ. ಓಟಿಪಿ ಹೇಳುವ ಮುಂಚೆ ಬಂದ ಕಾಗದದಲ್ಲಿ ‘ಸಾಲಗಾರ’ ಎಂಬ ಪದವಿದೆಯೇ ನೋಡಿ. ಪ್ರವೇಶ ರದ್ದು ಮಾಡಿದರೆ ಶುಲ್ಕ ವಾಪಸಾತಿಯ ನಿಯಮವೇನು, ಎಷ್ಟು ದಿನದೊಳಗೆ ಅರ್ಜಿ ಕೊಡಬೇಕು ಎಂಬುದನ್ನು ಫೋನಿನಲ್ಲಿ ಹೇಳಿದವರ ಮಾತಿನಿಂದಲ್ಲ, ವಿಶ್ವವಿದ್ಯಾಲಯದ ಪ್ರಾಸ್ಪೆಕ್ಟಸ್‌ನಿಂದಲೇ ಓದಿಕೊಳ್ಳಿ.

ಈಗಾಗಲೇ ರೆಗ್ಯುಲರ್ ಕಾಲೇಜಿನಲ್ಲಿ ಇರುವವರಿಗೂ ಒಂದು ಅವಕಾಶವಿದೆ. 2022ರ ಏಪ್ರಿಲ್‌ನ ಯುಜಿಸಿ ಮಾರ್ಗಸೂಚಿಯಂತೆ ರೆಗ್ಯುಲರ್ ಜೊತೆಗೆ ಒಂದು ಒಡಿಎಲ್ ಅಥವಾ ಆನ್‌ಲೈನ್ ಪ್ರೋಗ್ರಾಂ ಓದಬಹುದು. ಎರಡನ್ನೂ ಒಡಿಎಲ್ ಅಥವಾ ಆನ್‌ಲೈನ್‌ನಲ್ಲೇ ಓದಬಹುದು. ಪರೀಕ್ಷೆಗಳು ಒಂದೇ ದಿನ ಬೀಳಬಹುದಾದ್ದರಿಂದ ಎರಡೂ ಕಡೆಯ ಹಿಂದಿನ ವರ್ಷದ ವೇಳಾಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿಯೇ ಅರ್ಜಿ ಹಾಕಿ.